ಚೋಕ್ ಗುಂಡಿ ಬಿಸಿಯಾಗಿತ್ತು

ಹೆಸರು ಜೋರಿ. ಮಾತೂ ಜೋರು.
ಕಾರು ಮಾತ್ರ ಮೌನ.
ನ್ಯೂಲಿನ್ ಬಂದರಿನ ಐಸ್ ಕಾರ್ಖಾನೆಯ ಹಿಂದೆ
ನನ್ನ ಶೆಡ್ಡಿನ ಬಾಗಿಲಿಗೆ ತಳ್ಳಿಕೊಂಡೇ ತಂದ,
ಅರವತ್ತೈದರ ಮಿಜೆಟ್, ಬಟಾಣಿ ಹಸಿರು,
ಇಬ್ಬರು ಕೂತರೆ ಛತ್ರಿಗೆ ಜಾಗವಿಲ್ಲ.

‘ಎರಡು ಬ್ಯಾಟರಿ ಬದಲಿಸಿದೆ. ಹೊಸ ಸ್ಟಾರ್ಟರ್,
ಹೊಸ ಸೊಲೆನಾಯ್ಡ್. ಕೀಲಿ ತಿರುವಿದರೆ ಟಿಕ್.
ಬರೀ ಟಿಕ್. ಅತ್ತೆ ಲೊಚಗುಟ್ಟಿದ ಹಾಗೆ.’
ಎತ್ತಿಗೆ ಜ್ವರ, ಎಮ್ಮೆಗೆ ಬರೆ, ಅಂದುಕೊಂಡೆ.
ಹೇಳಲಿಲ್ಲ.
ಮೂವತ್ತೊಂದು ವರ್ಷ ಮೀನುದೋಣಿಗಳ ವೈರು ಬಿಡಿಸಿದವಳು;
ಗಂಡಸರು ಬಿಲ್ಲು ತೋರಿಸುವಾಗ
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿರುವುದು ಲೇಸೆಂದು ಬಲ್ಲೆ.

ಮೀಟರಿನ ಎರಡು ಕಡ್ಡಿ ಬ್ಯಾಟರಿಯ ಎರಡು ತುದಿಗೆ.
ಹನ್ನೆರಡೂವರೆ, ಮೇಲೊಂದು ಚೂರು.
‘ತಿರುವು.’ ಟಿಕ್.
ಹನ್ನೊಂದೂವರೆಗೆ ಇಳಿದು ನಿಂತಿತು.
ಅಂದರೆ ಪಾತ್ರೆಯಲ್ಲಿ ಅನ್ನವಿದೆ, ಬಾಯಿಗೆ ಹೋಗುತ್ತಿಲ್ಲ.
ಸ್ಟಾರ್ಟರಿನ ದಪ್ಪ ಕೇಬಲ್ಲನ್ನು ಉದ್ದಕ್ಕೂ ಅಳೆದೆ:
ಕಳೆದದ್ದು ಕಾಲು ವೋಲ್ಟು. ಹೋಗುವ ದಾರಿ ಸಲೀಸು.

ಆಗಲೇ ಒಳಗೆ ಕೂತಿದ್ದ ಮಗಳು, ಕೆರೆನ್ಸಾ, ಒಂಬತ್ತು ವರ್ಷ,
ಬೆರಳು ಬಾಯಿಗಿಟ್ಟುಕೊಂಡು ಹೇಳಿದಳು:
‘ಈ ಗುಂಡಿ ಸುಡ್ತದೆ.’
‘ಮುಟ್ಟಬೇಡ ಅಂದಿದ್ದೆ’ ಎಂದು ಗದರಿದ ಜೋರಿ.
ನಾನು ಬಗ್ಗಿ ಮುಟ್ಟಿದೆ. ಚೋಕ್ ಗುಂಡಿ.
ಹಾಲಿನ ಪಾತ್ರೆಯ ಹಿಡಿಯಷ್ಟು ಬಿಸಿ.

ಎರಡು ಬ್ಯಾಟರಿ, ಒಂದು ಸ್ಟಾರ್ಟರ್,
ಮಗುವಿನ ಒಂದು ಬೆರಳು.

ನೋಡು ಜೋರಿ,
ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ,
ನೆಂಟನ ಹಾಗೆ, ಮನೆಯ ಗೋಡೆಗೆ ಮೈ ತಾಗಿಸದೆ.
ಒಳಗೆ ಬಂದ ಕರೆಂಟು ಹಿಂದಿರುಗಲು
ಹೆಣೆದ ತಾಮ್ರದ ಒಂದೇ ಒಂದು ಪಟ್ಟಿ.
ಅದಿಲ್ಲವಾದರೆ, ಪಾಪ, ಇನ್ನೆಲ್ಲಿ ಹೋದೀತು?
ಹೆಣಿಗೆ ಕಡ್ಡಿಯಷ್ಟು ತೆಳ್ಳನೆಯ ಚೋಕಿನ ತಂತಿಯಲ್ಲಿ
ಇಡೀ ಜಾತ್ರೆ ತೂರಲು ನೋಡುತ್ತದೆ.
ಎಂಜಿನ್ನಿನ ಮೈಯಿಂದ ಬ್ಯಾಟರಿಯ ನೆಲಕ್ಕೆ ಅಳೆದೆವು:
ಸೊನ್ನೆ ಇರಬೇಕಾದಲ್ಲಿ ಏಳು.

ಅಂಗಾತ ಮಲಗಿ ಕೆಳಗೆ ಜಾರಿದೆ.
ಗೇರ್‌ಬಾಕ್ಸಿನ ಪಕ್ಕದಲ್ಲಿ ಪಟ್ಟಿ ಇತ್ತು, ಬೋಲ್ಟೂ ಇತ್ತು,
ನಡುವೆ ಯಾರದೋ ಮುತುವರ್ಜಿ:
ಮೂರು ಕೋಟು ಕಪ್ಪು ಬಣ್ಣ, ತುಕ್ಕು ಹಿಡಿಯದಿರಲೆಂದು.
ಲೋಹ ಬೆಳ್ಳಗಾಗುವ ತನಕ ಉಜ್ಜಿದೆ.
ಬಿಗಿದೆ. ‘ತಿರುವು.’
ಐಸ್ ಕಾರ್ಖಾನೆಯ ಮಾಡಿನಿಂದ ಅಷ್ಟೂ ಕಡಲಹಕ್ಕಿ ಎದ್ದವು.

ಜೋರಿ ಕುಣಿಯುತ್ತಿದ್ದ. ನಾನು ಕೆಂಪು ದೀಪ ನೋಡುತ್ತಿದ್ದೆ.
ಆರಲಿಲ್ಲ. ಎಕ್ಸಲರೇಟರ್ ಒತ್ತಿದಂತೆ
ಇನ್ನಷ್ಟು ಉರಿಯಿತು. ‘ನಿಲ್ಲಿಸು! ಈಗಲೇ!
ಡೈನಮೊ ಎಲ್ಲಿಯದು?’
‘ಚಿಕ್ಕಪ್ಪನ ಟ್ರ್ಯಾಕ್ಟರಿನದು. ಚೆನ್ನಾಗಿದೆ.’

ಚೆನ್ನಾಗಿಯೇ ಇತ್ತು. ಅದರ ನೆನಪು ಮಾತ್ರ ಬೇರೆ ಮನೆಯದು.
ವೈರು ಬಿಡಿಸಿ, ಎರಡು ತುದಿ ಜೋಡಿಸಿ, ನಿಧಾನ ಓಡಿಸಿದರೆ
ಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ ವಾಲಿತು.
ಆ ಟ್ರ್ಯಾಕ್ಟರಿನಲ್ಲಿ ನೆಲ ಋಣ.
ಈ ಹಳೆಯ ಕಾರಿನಲ್ಲಿ ನೆಲವೇ ಧನ,
ವೈರುಗಳಲ್ಲಿ ಓಡಾಡುವುದೆಲ್ಲ ಋಣ.
ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಋಣದಿಂದ ಒಂದು ತಂತಿ ತಂದು
ಡೈನಮೊದ ಸಣ್ಣ ತುದಿಗೆ ತಾಗಿಸಿದೆ.
ನೀಲಿ ಕಿಡಿ. ಮತ್ತೊಮ್ಮೆ. ಸಾಕು.
ನಲವತ್ತು ವರ್ಷ ಉತ್ತ ಹೊಲ
ಅಷ್ಟರಲ್ಲಿ ಮರೆತುಹೋಯಿತು.
ಮುಳ್ಳು ಬಲಕ್ಕೆ ಎದ್ದಿತು. ವೈರು ಸೇರಿಸಿದ ಮೇಲೆ
ಕೆಂಪು ಕಣ್ಣು ಮಂದವಾಗಿ, ಮುಚ್ಚಿತು.

ಹಣ ಎಷ್ಟೆಂದ. ಹೇಳಿದೆ. ಅರ್ಧ ಕೊಟ್ಟ,
ಉಳಿದದ್ದಕ್ಕೆ ಬಂಗುಡೆ ಮೀನೆಂದ.
ಪಾಲ್ ಊರಿನ ಏರು ಹತ್ತುವ ಸದ್ದು ಕೇಳುತ್ತ ನಿಂತೆ,
ಮಗಳ ಕೈ, ತಣ್ಣಗಿನ ಗುಂಡಿಯ ಮೇಲೇ ಇದ್ದೀತು.

ಅವನು ಬಿಸಾಡಲು ತಂದಿದ್ದ ಹಳೆಯ ಸ್ಟಾರ್ಟರು
ಬೆಂಚಿನ ಕೆಳಗೆ ಉಳಿದಿತ್ತು.
ಸಂಜೆ, ಸುಮ್ಮನೆ, ಎರಡು ಕೇಬಲ್ ಹಿಡಿದೆ.
ಒದ್ದುಕೊಂಡು ಎದ್ದಿತು,
ಕೈಯಿಂದ ಜಾರುವಷ್ಟು ಜೋರಾಗಿ.